ಪೋಸಿಯೋ ತಿರುವಿನಲ್ಲಿ

ಡಿಸೆಂಬರಿನಲ್ಲಿ ಇಲ್ಲಿ ಹಗಲೆಂದರೆ
ಹತ್ತಲೋ ಬೇಡವೋ ಎನ್ನುವ ಒದ್ದೆ ಬೆಂಕಿಕಡ್ಡಿ.
ಆ ಮಬ್ಬಿನಲ್ಲೇ ಕೂತಿರುತ್ತಾನೆ, ಪೆಟ್ರೋಲ್ ಬಂಕಿನ ಪಕ್ಕ,
ಮೊಣಕಾಲ ಮೇಲೆ ಹಿಮಸಾರಂಗದ ಚರ್ಮ,
ಗಾಲಿಕುರ್ಚಿಯ ಬೆನ್ನಿಗೆ ಯಾವುದೋ ಲಾರಿಯಿಂದ ಕಿತ್ತ ಹಳದಿ ಫಲಕ:
‘ಉದ್ದನೆಯ ವಾಹನ’.

ಹೆಸರು ಕೌಕೊ. ನಮ್ಮ ಮಾತಿನಲ್ಲಿ ‘ದೂರ’ ಎಂದರ್ಥ.
ಅರವತ್ತೊಂದು ವರ್ಷದಲ್ಲಿ ಅವನು ಹೋದ ಅತಿ ದೂರ
ಔಲುವಿನ ಆಸ್ಪತ್ರೆ.
ಹುಟ್ಟುವಾಗ ಉಸಿರು ತಡವಾಗಿ ಬಂತಂತೆ;
ಅಂದಿನಿಂದ ಕೈ ಅವನ ಮಾತು ಕೇಳುವುದು
ಕೈಗೆ ಮನಸ್ಸು ಬಂದಾಗ.
ನಾಲಿಗೆಯೂ ಹಾಗೇ. ಅದಕ್ಕೇ ಅಕ್ಷರದ ಹಲಗೆ,
ಬೆರಳ ಗೆಣ್ಣಿನಿಂದ ಒಂದೊಂದೇ ಅಕ್ಷರ ಗುದ್ದುತ್ತಾನೆ.
ನಡುವೆ ನೀವು ಊಹಿಸಿ ಪದ ಮುಗಿಸಿದಿರೋ,
ಮತ್ತೆ ಮೊದಲಿನಿಂದ ಶುರು. ಬೇಕಂತಲೇ.

ಮೊದಲ ಸಲ ನನಗೆ ಹೇಳಿದ್ದು ನಮಸ್ಕಾರವಲ್ಲ.
ನನ್ನ ಕಾಫಿ ಆರಿ ತಣ್ಣಗಾಗುವಷ್ಟು ಹೊತ್ತು ಹಿಡಿಯಿತು:
“ಟ್ರೇಲರ್. ಎಡಗಡೆ. ಮೂರನೇ ಆಕ್ಸಲ್. ಅಳುತ್ತಿದೆ.”
ನಕ್ಕುಬಿಟ್ಟೆ. ಇಪ್ಪತ್ತೆರಡು ವರ್ಷದಿಂದ ಪೈನ್ ದಿಮ್ಮಿ ಹೊರುವವಳು ನಾನು.
ಕೆಮಿಯಾರ್ವಿ ಮುಟ್ಟುವ ಮೊದಲೇ ಬೇರಿಂಗು ಹೋಯಿತು,
ಮೈನಸ್ ಇಪ್ಪತ್ತೊಂಬತ್ತರಲ್ಲಿ
ಜಾಕಿನ ಕೆಳಗೆ ಮಲಗಿ ಅವನನ್ನೇ ಬೈದೆ.

ಆಮೇಲೆ ನಿಲ್ಲಿಸದೆ ದಾಟಿದ್ದಿಲ್ಲ.
ಸಿಸು ಬರುವುದು ಮುನಿಸಿಕೊಂಡ ಮಾವನ ಹಾಗಂತೆ,
ಸ್ಕಾನಿಯಾದ ಎಂಟು ಸಿಲಿಂಡರು
ಮೊದಲು ಎದೆಗೆ ಬಂದು ಕಿವಿಗೆ ಆಮೇಲಂತೆ.
ಯಾರು ಟರ್ಬೋ ಬದಲಿಸಿದರು, ಯಾರು ಹೊಸ ಹುಡುಗ,
ಯಾರ ಹೆಂಡತಿ ಬಿಟ್ಟುಹೋದಳು,
ಗೇರು ಹಾಕುವ ಸದ್ದಿನಲ್ಲೇ ಗೊತ್ತು ಅವನಿಗೆ.
ನನ್ನದೂ ಗೊತ್ತಿತ್ತು. ಹಲಗೆ ಮುಟ್ಟಲಿಲ್ಲ.

ಏಪ್ರಿಲಿನಲ್ಲಿ, ಪಾಪ, ಒಮ್ಮೆಯಾದರೂ ಹತ್ತಿಸೋಣವೆಂದು
ಗ್ಯಾರೇಜಿನ ಚೈನ್ ಪುಲ್ಲಿಗೆ ಆಸ್ಪತ್ರೆಯ ಜೋಲಿ ಕಟ್ಟಿದೆವು.
ನರ್ಸ್ ಪಿರ್ಯೊ ಬೇಡ ಬೇಡ ಎನ್ನುತ್ತಲೇ ಗಂಟು ಬಿಗಿಯಾಗಿದೆಯೇ ನೋಡಿದಳು.
ನಾಲ್ಕು ಜನರ ಸೊಂಟ, ಎರಡು ಬೆಲ್ಟು, ಮೂರು ದಿಂಬು;
ನನ್ನ ಪಕ್ಕದ ಸೀಟಿನಲ್ಲಿ ಕೌಕೊ,
ಎಪ್ಪತ್ತಾರು ಟನ್ನಿನ ಮೇಲೆ ಮದುಮಗನಂತೆ.
ತಿರುವು ತಿರುವಿಗೂ ಹಾರ್ನು ಹೊಡೆದೆ.
ಕೆರೆಯ ಹಿಮ ಒಡೆಯುತ್ತಿತ್ತು, ತೋರಿಸಿದೆ.
ನಲವತ್ತು ಕಿಲೋಮೀಟರ್, ಅವನು ಒಂದು ಸದ್ದೂ ಮಾಡಲಿಲ್ಲ.
ಕುಸಾಮೊ ಹತ್ತಿರ ಬಂದಾಗ ಹಲಗೆ ಬೇಕೆಂದ.
ಬದಿಗೆ ಹಾಕಿದೆ. ಇಂಜಿನ್ ಆರಿಸಿದೆ.
ಒಳಗಿಂದ
ಲಾರಿ
ಕಾಣಿಸಲ್ಲ

ಸಿಟ್ಟು ಬಂತು, ಸುಳ್ಳೇಕೆ ಹೇಳಲಿ.
ನಾಲ್ಕು ಸೊಂಟ!
ಇಡೀ ರಾತ್ರಿ ಆ ಮೂರು ಪದ
ಬೂಟಿನೊಳಗಿನ ಕಲ್ಲಿನ ಹಾಗೆ.

ಮರುವಾರ ಅಣ್ಣನ ಮಗನಿಗೆ ಕೀಲಿ ಕೊಟ್ಟು
ತಿರುವಿನಲ್ಲಿ, ಬಕೆಟ್ಟು ಬೋರಲು ಹಾಕಿ,
ಕೌಕೊನ ಪಕ್ಕ ಕೂತೆ.
ಮೊದಲು ಫರ್ ಮರಗಳ ಸಂದಿಯಲ್ಲಿ ಬೆಳಕು ಕೆಮ್ಮಿತು.
ಆಮೇಲೆ ಬಕೆಟ್ಟಿಗೆ ಗೊತ್ತಾಯಿತು, ಬಕೆಟ್ಟಿನಿಂದ ನನಗೆ.
ಕಾಫಿಯ ಮೇಲೆ ಸಣ್ಣ ಸಣ್ಣ ಬಳೆ.
ಹಾಗೆ ಬಂತು ನೋಡಿ,
ಇಪ್ಪತ್ತೆರಡು ವರ್ಷ ನಾನು ಒಳಗೆ ಕೂತು
ಬೆನ್ನುನೋವು, ಡೀಸೆಲ್ಲಿನ ದರ, ಸಾಲದ ಕಂತು ಎಂದುಕೊಂಡಿದ್ದದ್ದು,
ಹೊಳೆಯುತ್ತ, ಗುಡುಗುತ್ತ, ಒಂದು ಬೀದಿ ಉದ್ದಕ್ಕೆ,
ಕಾಡಿಗೆ ಕಾಡೇ ಎದ್ದು ಹೊರಟಂತೆ.
ಇದು ನನ್ನದಾ?
ಇಬ್ಬರ ಮೇಲೂ ಕೆಸರುಹಿಮ ರಾಚಿತು.

ಒರೆಸಿಕೊಂಡು ನೋಡಿದರೆ ಅವನ ಬಲಗೈ
ಹಾರ್ನಿನ ಹಗ್ಗ ಜಗ್ಗುವ ಸನ್ನೆಗೆ ಈಗಷ್ಟೇ
ತೊಡೆಯಿಂದ ಎದ್ದಿತ್ತು, ನಡುಗುತ್ತ, ಅರ್ಧ ದಾರಿ.
ಲಾರಿ ಆಗಲೇ ಗುಡ್ಡದಾಚೆ.
“ಹೋಯಿತಲ್ಲೋ,” ಎಂದೆ.

ಎಡಗೈ ಹಲಗೆಗೆ ಬಂತು.
ಊಹಿಸದೆ ಕಾದೆ.
“ಇದು ಮುಂದಿನದಕ್ಕೆ.
ವೋಲ್ವೊ. ಹಾಲಿನ ಟ್ಯಾಂಕರು.
ಬಕೆಟ್ಟು ಸ್ವಲ್ಪ ಹಿಂದಕ್ಕೆ ಎಳಕೊ.”